ಓದಿದ್ದೆಂದು ಭಾವಿಸಲಾಗಿದೆ

"ಆಣೆ ಮಾಡಿ ಹೇಳ್ತೀನಕ್ಕ, ಇದ್ರಲ್ಲಿ ಒಂದಕ್ಷರ ಸುಳ್ಳಿದ್ರೂ ನನ್ನ ಹತ್ತು ಬೆರಳೂ ಉದುರಿಹೋಗ್ಲಿ," ಎಂದ ಶಾಸನಸಭೆಯ ಟೈಪಿಸ್ಟ್, ಗಂಭೀರವಾಗಿ.

ಎದುರಿಗೆ ಬಕೆಟ್ ಹಿಡಿದು ನಿಂತಿದ್ದವಳು ಅದೇ ಸಭೆಯ ನೆಲ ಒರೆಸುವವಳು. ಹದಿನೆಂಟು ವರ್ಷದಿಂದ ದಿನಗೂಲಿ. ಅಂಥವರನ್ನು ಕಾಯಂ ಮಾಡಿ ತಿಂಗಳ ಸಂಬಳ ಕೊಡಬೇಕೆನ್ನುವ ಒಂದೇ ಪುಟದ ಮಸೂದೆ ಒಂಬತ್ತು ವರ್ಷದಿಂದ ಪರಿಶೀಲನೆಯಲ್ಲಿತ್ತು. ಸದಸ್ಯರು ತಮ್ಮ ಸಂಬಳ ತಾವೇ ಏರಿಸಿಕೊಳ್ಳುವ ಮಸೂದೆಗೆ ಆ ಪಾಡಿಲ್ಲ. ಅದನ್ನು ಓದುವ ಪದ್ಧತಿಯೇ ಇಲ್ಲ. 'ಓದಿದ್ದೆಂದು ಭಾವಿಸಲಾಗಿದೆ' ಎಂದರೆ ಮುಗಿಯಿತು, ಮೇಜು ಕುಟ್ಟುವುದೊಂದೇ ಬಾಕಿ. ಈ ಸಲ ಅದರೊಳಗೆ ಅವಳ ಪುಟವನ್ನೂ ತೂರಿಸಿಬಿಡುತ್ತೇನೆಂದು ಟೈಪಿಸ್ಟ್ ತಾನಾಗಿಯೇ ಮಾತು ಕೊಟ್ಟಿದ್ದ. ಸದಸ್ಯರ ಆ ಮಸೂದೆ ಈಗಷ್ಟೇ ಪಾಸಾಗಿತ್ತು.

"ಸೇರಿಸಿದ್ರಾ ಅಣ್ಣಾ?"

"ಕೇಳಿ ಅಂದ್ರೆ! ಅಧ್ಯಕ್ಷರು ಬಾಯಿ ತೆಗೆಯೋ ಮುಂಚೇನೇ ಕುಟ್ಟೋಕೆ ಶುರು. ಆ ಸದ್ದಿಗೆ ಗೋಡೆ ಗಡಿಯಾರ ಹೆದರಿ ಹಿಂದಕ್ಕೆ ಓಡ್ತು. ಮೂರು ವರ್ಷದಿಂದ ಮಲಗಿದ್ದ ಹಿಂದಿನ ಸಾಲಿನ ದಪ್ಪಣ್ಣ ಎದ್ಬಿಟ್ಟ. ತನ್ನ ಪಕ್ಷ ಯಾವ್ದು ಅಂತ ಮರ್ತುಹೋಗಿ ಎರಡೂ ಕೈ ಎತ್ತಿದ!"

ಅವಳು ನಗಲಿಲ್ಲ. "ನನ್ನ ಪುಟ?"

"ಅಲ್ಲಿಗೇ ಬಂದೆ. ನಾಲ್ಕೇ ನಿಮಿಷ ಅಕ್ಕ! ನನ್ನ ಟೀ ಆರಿರ್ಲಿಲ್ಲ."

ಸಾಕ್ಷಿಗೆಂಬಂತೆ ಅವನು ಲೋಟ ಎತ್ತಿದ. ಅಡಿಯಲ್ಲಿದ್ದ ಕಾಗದದ ಮೇಲೆ ದುಂಡಗಿನ ಕಂದು ಕಲೆ. ಅವಳಿಗೆ ಆ ಕಾಗದದ ಮಡಿಕೆಗಳು ಗೊತ್ತು. ಒಮ್ಮೆ ಕಸದ ಬುಟ್ಟಿಯಿಂದ ಎತ್ತಿ, ಸೆರಗಿನಲ್ಲಿ ಒರೆಸಿ, ನೀವಿ ತಂದುಕೊಟ್ಟವಳು ಅವಳೇ.

"ಸೇರಿಸ್ಲಿಲ್ಲ ನೀನು."

ಟೈಪಿಸ್ಟ್ ಲೋಟವನ್ನು ಮತ್ತೆ ಅಲ್ಲೇ ಇಡಲು ಹೋದ. ಅವಳು ಇಡಗೊಡದೆ ಪುಟವನ್ನು ಎಳೆದುಕೊಂಡಳು.

"ಸಿಕ್ಕಿಬಿದ್ರೆ ನನ್ನ ಕೆಲ್ಸ ಹೋಗ್ತಿತ್ತಕ್ಕ."

"ನಂಗೆ ಹೋಗೋಕೆ ಕೆಲ್ಸಾನೇ ಇಲ್ವಲ್ಲೋ! ಅವ್ರು ಓದ್ದೆ ಕೊಂದ್ರು. ನೀನು ಓದಿ, ಟೈಪ್ ಮಾಡಿ, ಟೀ ಕುಡ್ದು ಕೊಂದೆ."

"ಹಾಗನ್ಬೇಡಿ. ಮುಂದಿನ ಅಧಿವೇಶನ ಬರ್ಲಿ, ಆ ಗಡಿಯಾರದ ಹಿಂದೇನೇ ನಾನು ಹೋಗಿ, ಆ ದಪ್ಪಣ್ಣನ ಜೇಬಿಗೇ ನಿಮ್ಮ ಪುಟಾನ..."

ಅವಳು ಹೊರಟಾಗಿತ್ತು. ಒದ್ದೆ ಕೈಯಲ್ಲಿ ಪುಟ ಹಿಡಿದು, ಒರೆಸುವುದಕ್ಕಲ್ಲದೆ ಎಂದೂ ದಾಟದ ಸಭಾಂಗಣದ ದೊಡ್ಡ ಬಾಗಿಲ ಕಡೆಗೆ, ಒಳಗಿನ್ನೂ ಸದಸ್ಯರ ನಗು ನಿಲ್ಲದ ಕಡೆಗೆ. ಬಾಗಿಲು ತೆರೆದುಕೊಂಡಿತು. ನಗು ನಿಂತಿತು.

ಟೈಪಿಸ್ಟ್‌ನ ಮೇಜಿನ ಮುಂದೆ ಅವಳ ಬಕೆಟ್ಟಿನ ಕೊಳಕು ನೀರು ಇನ್ನೂ ತುಳುಕುತ್ತಿತ್ತು.