ಹೆಸರಿಲ್ಲದ ಕೆಮ್ಮು

ಮಂಡಕ್ಕಿ ಭಟ್ಟಿಯಿಂದ ಬಂದ ಮಾಬೂಬೀ ತಲೆಗೆ ಸುತ್ತಿದ್ದ ಬಟ್ಟೆ ಬಿಚ್ಚಿ ಕೊಡವಿದಳು. ಬೂದಿ ಹಾರಿತು, ಹಿಂದೆಯೇ ಕೆಮ್ಮು ಬಂತು. ಈ ಕೆಮ್ಮು ಕರೆಯದೆ ಬಂದ ನೆಂಟ, ಹೋಗೆಂದರೂ ಹೋಗುವ ಪೈಕಿಯಲ್ಲ. ಒಳಗೆ ಮಗಳು ಸಬಾ ಲ್ಯಾಪ್‌ಟಾಪ್ ಮುಂದೆ ಮುಖ ಗಂಟು ಹಾಕಿಕೊಂಡು ಕೂತಿದ್ದಳು.

ಕೆಮ್ಮಿನ ಸದ್ದಿನಿಂದಲೇ ಎದೆಯ ರೋಗ ಹಿಡಿಯಲು ಕಂಪ್ಯೂಟರಿಗೆ ಕಲಿಸುವ ಕೆಲಸ ಸಬಾಳದು. ಊರೂರಿನಿಂದ ಸೇರುತ್ತಿದ್ದ ಲಕ್ಷಾಂತರ ಕೆಮ್ಮುಗಳ ರಾಶಿಗೆ ಅಮ್ಮನ ಭಟ್ಟಿಯವರ ಕೆಮ್ಮನ್ನೂ ರೆಕಾರ್ಡ್ ಮಾಡಿ ಸೇರಿಸಿದ್ದಳು. ಯಾರು ಬೇಕಾದರೂ ಪುಕ್ಕಟೆ ಬಳಸಲಿ ಎಂಬ ಪರವಾನಗಿ ಕೊಟ್ಟು ಆ ರಾಶಿಯನ್ನು ಇಂಟರ್ನೆಟ್ಟಿಗೆ ಬಿಡುವುದು ಅವಳ ಆಸೆ. ಅವಳ ಲ್ಯಾಬಿನ ಮುಖ್ಯಸ್ಥರಾದ ಡಾಕ್ಟರ್ ಕರಿಬಸವರಾಜ ಒಪ್ಪಿರಲಿಲ್ಲ. ಕಂಪನಿಯೊಂದು ತನಗಷ್ಟೇ ಕೊಡಿ ಎನ್ನುತ್ತಿದೆ, ಬದಲಿಗೆ ಲ್ಯಾಬಿಗೆ ಯಂತ್ರ ಬರುತ್ತದೆ, ಬೀಗ ಹಾಕಿ ಜೋಪಾನ ಮಾಡುತ್ತಾರೆ. ಬಯಲಿಗೆ ಬಿಟ್ಟರೆ ಯಾರ ಕೈಗೆ ಸಿಕ್ಕೀತೋ ಎಂದಿದ್ದರು. ಅದೂ ಸುಳ್ಳಲ್ಲ. ಕೆಮ್ಮಿದವರನ್ನೇ ಕೇಳಿ ನಾಳೆ ತಿಳಿಸು ಎಂದು ಕೊನೆಗೆ ಹೇಳಿದ್ದರು.

ರೆಕಾರ್ಡ್ ಮಾಡುವಾಗ ಎಲ್ಲರೂ ಮರ್ಯಾದೆಗೆಂದು ಮೊದಲು ತಮ್ಮ ಹೆಸರು, ಭಟ್ಟಿಯ ಸಾವ್ಕಾರರ ಹೆಸರು ಹೇಳಿಯೇ ಕೆಮ್ಮಿದ್ದರು. ಅದನ್ನೆಲ್ಲ ಕತ್ತರಿಸಿದ್ದೇನೆ, ಬೇಕಾದರೆ ಕೇಳು ಎಂದು ಸಬಾ ಒಂದೊಂದೇ ಹಾಕಿದಳು.

"ಇದು ದುರುಗಮ್ಮಂದು," ಎಂದಳು ಮಾಬೂಬೀ. ಮುಂದಿನದಕ್ಕೆ, "ಇದು ಮಸ್ತಾನಸಾಬಂದು."

ಸಬಾ ಸದ್ದು ನಿಲ್ಲಿಸಿದಳು. ಬಯಲಿಗೆ ಬಿಟ್ಟರೆ ಅಮ್ಮನಿಗೆ ಗೊತ್ತಾದದ್ದು ಸಾವ್ಕಾರರಿಗೂ ಗೊತ್ತಾಗುತ್ತದೆ. ರೋಗಿಷ್ಟ ಕೂಲಿ ಯಾರಿಗೆ ಬೇಕು?

"ಬ್ಯಾಡ ಅಮ್ಮಿ. ಕಂಪನಿಗೇ ಕೊಡ್ತೀನಿ."

"ಅವರಿಗೆ ಕೊಟ್ರೆ ಈ ರೋಗ ಹಿಡಿಯೋ ಕಂಪ್ಯೂಟ್ರು ಹರಿಹರದ ಸಣ್ಣ ದವಾಖಾನಿಗೆ ಸಿಗ್ತೈತಾ?"

"ರೊಕ್ಕ ಕೊಟ್ರೆ ಸಿಗ್ತೈತೆ."

ಮಾಬೂಬೀಗೆ ತಂಗಿ ಗುಲ್ನಾಜ್ ನೆನಪಾದಳು. ಹರಿಹರದ ದವಾಖಾನೆಯಲ್ಲಿ ಅವಳಿಗೆ ನೆಗಡಿ ನೆಗಡಿ ಎಂದೇ ಮಾತ್ರೆ ಕೊಟ್ಟು, ರೋಗ ಗೊತ್ತಾಗುವಷ್ಟರಲ್ಲಿ ಅವಳು ತೀರಿಕೊಂಡಿದ್ದಳು. ಆದರೂ ನಾಲ್ಕು ಜನರ ಅನ್ನದ ಮಾತು, ತಾನೊಬ್ಬಳೇ ಹೇಗೆ ಹೂಂ ಅನ್ನುವುದು? ಬೆಳಿಗ್ಗೆ ಕೇಳಿ ಫೋನ್ ಮಾಡುತ್ತೇನೆ ಎಂದಳು.

ಮರುದಿನ ಭಟ್ಟಿಯಲ್ಲಿ ಎಲ್ಲರನ್ನೂ ಒಂದು ಕಡೆ ಕೂಡಿಸಿ ಮುಚ್ಚುಮರೆಯಿಲ್ಲದೆ ಹೇಳಿದಳು. ಎಲ್ಲರಿಗೂ ಬಿಟ್ಟರೆ ಸಣ್ಣ ದವಾಖಾನೆಗೂ ಪುಕ್ಕಟೆ ಸಿಗುತ್ತದೆ. ಹೆಸರು ಇರುವುದಿಲ್ಲ, ಆದರೆ ಸದ್ದಿಗೆ ಗುರುತು ಸಿಗುತ್ತದೆ, ಕೆಲಸ ಹೋದರೂ ಹೋದೀತು.

ಅಷ್ಟರಲ್ಲಿ ದುರುಗಮ್ಮನಿಗೆ ಕೆಮ್ಮು ಹತ್ತಿತು. ಬಗ್ಗಿ ಕೆಮ್ಮಿದಳು, ಗೋಡೆ ಹಿಡಿದು ಕೆಮ್ಮಿದಳು. ಆಚೆ ಕುರ್ಚಿಯಲ್ಲಿದ್ದ ಸಾವ್ಕಾರರು ತಲೆಯೆತ್ತದೆ ಫೋನಿನ ಹಾಡು ಜೋರು ಮಾಡಿಕೊಂಡರು. ದಿನಾ ಹಾಗೆಯೇ ಮಾಡುತ್ತಿದ್ದರು.

ದುರುಗಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡು ಅತ್ತ ನೋಡಿದಳು.

"ಎದುರಿಗೆ ಕೆಮ್ಮಿದ್ರೇ ಕೇಳವಲ್ರು. ಅಲ್ಲಿ ಹುಡುಕಿ ಕೇಳ್ತಾರಾ? ಕೇಳೋರಾದ್ರೂ ಕೇಳ್ಲಿ, ಬಿಡು ಅನ್ನು."

ಮಸ್ತಾನಸಾಬ್ ಹೂಂ ಅಂದ. ಆಮೇಲೆ ಒಬ್ಬೊಬ್ಬರೇ ಹೂಂ ಅಂದರು. ಮಾಬೂಬೀ ಮಗಳಿಗೆ ಫೋನ್ ಹಚ್ಚಿದಳು. ಹಾಡಿನ ಗದ್ದಲದಲ್ಲಿ ಗಂಟಲೇರಿಸಿಯೇ ಹೇಳಬೇಕಾಯಿತು.

"ಬೀಗ ಹಾಕಬ್ಯಾಡ ಬೇಟಾ. ಎಲ್ಲಾರಿಗೂ ಬಿಡು."