ರೊಟ್ಟಿಗೆ ಸಮನಾದ ಮುದ್ದೆ

ಆಹಾರ ವಿಜ್ಞಾನ ಓದುತ್ತಿದ್ದ ಶರಣ್ಯಾ ಕಲಬುರಗಿಯಿಂದ ರಾಜಧಾನಿಯ ಅಂಚಿನ ಉಲ್ಲಾಳದ ಕಾಲೇಜಿಗೆ ಬಂದಾಗ ಅವಳ ಹಳೆಯ ಕಾಲೇಜಿನ ಕ್ರೆಡಿಟ್‌ಗಳೆಲ್ಲ ಸಲೀಸಾಗಿ ವರ್ಗವಾದವು, ಒಂದನ್ನು ಬಿಟ್ಟು. ಧಾನ್ಯಗಳ ಲ್ಯಾಬಿನಲ್ಲಿ ಅವಳು ಕಲಿತದ್ದು ಜೋಳ. ಇಲ್ಲಿನ ಪಠ್ಯದಲ್ಲಿದ್ದದ್ದು ರಾಗಿ. ಮತ್ತೆ ಜೂನಿಯರ್‌ಗಳ ಜೊತೆ ಹಿಟ್ಟು ಕಲಸಬೇಕೆ ಎಂದು ಅವಳಿಗೆ ಮೈಯೆಲ್ಲ ಉರಿಯಿತು.

"ಜೋಳ ಬೇರೆ, ರಾಗಿ ಬೇರೆ ಕಣಮ್ಮ. ಎರಡೂ ಸಮ ಅಂತ ಹೆಂಗೆ ಬರೀಲಿ?" ಎಂದರು ವಿಭಾಗದ ಮುಖ್ಯಸ್ಥ ಕೆಂಪಯ್ಯ. ಉಲ್ಲಾಳದಲ್ಲೇ ಮುದ್ದೆ ಉಂಡು ಬೆಳೆದವರು.

"ಎರಡಕ್ಕೂ ಗೋಧಿಯಂಗ ಅಂಟಿಲ್ಲರೀ ಸರ್," ಎಂದಳು ಶರಣ್ಯಾ. "ರೊಟ್ಟಿಗೂ ಕುದಿಯೋ ನೀರು ಬೇಕು, ನಿಮ್ಮ ಮುದ್ದೆಗೂ ಬೇಕು. ತಣ್ಣೀರಿಗೆ ಎರಡೂ ಕೂಡಂಗಿಲ್ಲ. ನಾ ಕಲ್ತಿದ್ದು ಅದನ್ನರೀ."

ಕೆಂಪಯ್ಯ ನಕ್ಕು, ಪೂರ್ತಿ ಕ್ರೆಡಿಟ್ ಬರೆದರು. ಊಟದ ಹೊತ್ತಾಗಿತ್ತು. ಅವಳನ್ನೂ ಕ್ಯಾಂಟೀನಿಗೆ ಕರೆದೊಯ್ದು ಮುದ್ದೆ, ಬಸ್ಸಾರು ಹಾಕಿಸಿದರು. ಗೆದ್ದ ಖುಷಿಯಲ್ಲಿ ಶರಣ್ಯಾ ದೊಡ್ಡ ತುತ್ತೊಂದನ್ನು ಬಾಯಿಗಿಟ್ಟು ರೊಟ್ಟಿಯಂತೆ ಅಗಿಯತೊಡಗಿದಳು. ಇಡೀ ಮೇಜು ಊಟ ನಿಲ್ಲಿಸಿ ಅವಳನ್ನೇ ನೋಡಿತು.

"ಮುದ್ದೆನ ಯಾರಾದ್ರೂ ಅಗೀತಾರಾ?" ಎಂದು ಕೆಂಪಯ್ಯ ದನಿ ತಗ್ಗಿಸಿದರು. "ಬೇಗ ನುಂಗಮ್ಮ. ಕ್ರೆಡಿಟ್ ಒಪ್ಪೋ ಕಮಿಟಿಯವರು ನೋಡಿದ್ರೆ ನಾನು ಬರೆದಿದ್ದನ್ನ ಹೊಡೆದುಹಾಕ್ಬೇಕಾಗುತ್ತೆ."