ಸೇದುವವರ ಬಿಡುವು

ಚಟ ಇದ್ದವರು ಆರೋಗ್ಯ ವಿಮೆಗೆ ಹೆಚ್ಚು ಕಟ್ಟಬೇಕು ಎಂಬ ನಿಯಮ ಬಂದಾಗ ನಮ್ಮ ಕಲ್ಲಿನ ಶೆಡ್ಡಿನಲ್ಲಿ ಅದನ್ನು ಮೊದಲು ಒಪ್ಪಿದವಳು ನಾನೇ. ಕುಡಿದು ಕುಡಿದೇ ಹೋದ ಗಂಡನ ಜೊತೆ ಹೆಣಗಿದವಳು ನಾನು. ಒಬ್ಬನ ಮೋಜಿಗೆ ಇನ್ನೊಬ್ಬ ಯಾಕೆ ದಂಡ ತೆರಬೇಕು? ಮಾಡಿದ್ದುಣ್ಣೋ ಮಹರಾಯ. ಎಲ್ಲರೆದುರು ಹಾಗೇ ಹೇಳಿಯೂ ಬಿಟ್ಟೆ.

ನಮ್ಮದು ಅಡುಗೆಮನೆಯ ಕಟ್ಟೆಗೆ ಹಾಸುವ ಕಲ್ಲನ್ನು ಕತ್ತರಿಸಿ, ಅಂಚು ಉಜ್ಜಿ ಹೊಳಪು ಕೊಡುವ ಶೆಡ್ಡು. ನನ್ನ ತಮ್ಮ ಅಂಚು ಉಜ್ಜುವವನು. ಅವನು ಉಜ್ಜಿದ್ದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಗೋಡೆಗೆ ಒರಗಿಸುವವಳು ನಾನು. ಕಲ್ಲಿನ ಮೇಲೆ ನೀರು ಬಿಡುತ್ತಾ ಉಜ್ಜಿದರೆ ಧೂಳು ಏಳುವುದಿಲ್ಲ. ಆದರೆ ಕೆಲಸ ನಿಧಾನ, ನೆಲವೆಲ್ಲ ಕೆಸರು. ಅದಕ್ಕೇ ಶೆಡ್ಡಿನ ಯಜಮಾನರು ನೀರಿನ ಪೈಪನ್ನು ಸುತ್ತಿಸಿ ಮೊಳೆಗೆ ನೇತುಹಾಕಿಸಿದ್ದರು. ನೀರಿಲ್ಲದೆ ಉಜ್ಜುವುದೆಂದರೆ ಹಿಟ್ಟಿನ ಗಿರಣಿಯ ಬಾಯಲ್ಲಿ ಮುಖ ಇಟ್ಟ ಹಾಗೆ. ಸಂಜೆಯ ಹೊತ್ತಿಗೆ ತಮ್ಮನ ರೆಪ್ಪೆ, ಮೀಸೆ ಎಲ್ಲ ಬೆಳ್ಳಗಾಗಿರುತ್ತಿದ್ದವು.

"ಬೆಳಗ್ಗೆ ತಮ್ಮನ್ನ ಕರ್ಕೊಂಡು ಬಂದೆ, ಸಂಜೆ ತಾತನ್ನ ಕರ್ಕೊಂಡು ಹೋಗ್ತಿದೀನಿ" ಎಂದು ನಾನು ರೇಗಿಸುತ್ತಿದ್ದೆ.

ಊಟದ ಹೊತ್ತು ಬಿಟ್ಟರೆ ಶೆಡ್ಡಿನಿಂದ ಹೊರಗೆ ಹೋಗಲು ಇದ್ದದ್ದು ಒಂದೇ ದಾರಿ. ಒಳಗೆ ಅಂಟಿನ ಡಬ್ಬಗಳು, ಥಿನ್ನರ್ ಡಬ್ಬಗಳು. ಕಿಡಿ ಬಿದ್ದರೆ ಎಲ್ಲ ಭಸ್ಮವೆಂದು ಹೆದರಿ, ಬೀಡಿ ಸಿಗರೇಟು ಸೇದುವವರು ಮಾತ್ರ ಹಿತ್ತಲಿಗೆ ಹೋಗಿ ಸೇದಿ ಬರಲಿ ಎಂದು ಯಜಮಾನರು ಅಪ್ಪಣೆ ಕೊಟ್ಟಿದ್ದರು. ಸೇದದವನಿಗೆ ಹೊರಗೇನು ಕೆಲಸ? ಹೀಗಾಗಿ ಉಸಿರು ಕಟ್ಟಿದವರೆಲ್ಲ "ಸೇದಿ ಬರ್ತೀನಿ" ಎನ್ನತೊಡಗಿದರು. ನಿಜವಾಗಿ ಹೊಗೆ ಬಿಡುತ್ತಿದ್ದವನು ಕಲ್ಲು ಕತ್ತರಿಸುವವನೊಬ್ಬನೇ. ಅವನ ಹೆಸರೇ ಹೊಗೆಬಂಡಿ. ಉಳಿದವರು ಅವನಿಂದ ಮಾರು ದೂರ ನಿಂತು ಬರೀ ಗಾಳಿ ಸೇದುತ್ತಿದ್ದೆವು, ಬಾವಿಯಿಂದ ನೀರು ಸೇದಿದ ಹಾಗೆ. ನಾನೂ ತಲೆಗೆ ಕಟ್ಟಿದ ಬಟ್ಟೆ ಕೊಡವಿ "ಸೇದಿ ಬರ್ತೀನಿ" ಎಂದು ಹೋದವಳೇ. ಯಜಮಾನರು ನಕ್ಕು ಸುಮ್ಮನಾಗುತ್ತಿದ್ದರು. ಆ ಮಾತಿನ ಅರ್ಥ ಅವರಿಗೂ ಗೊತ್ತಿತ್ತು.

ವಿಮೆ ಕಚೇರಿಯಿಂದ ಒಬ್ಬ ಹುಡುಗಿ ಬಂದಳು. ನಮ್ಮನ್ನು ಸಾಲಾಗಿ ನಿಲ್ಲಿಸಿ, ಕುಡಿಯುತ್ತೀರಾ, ಸೇದುತ್ತೀರಾ ಎಂದು ಕೇಳುತ್ತಾ ಬಂದಳು. ಜೊತೆಗೆ ಯಜಮಾನರು.

ಹೊಗೆಬಂಡಿ ಬಾಯಿಗೆ ಪೆಪ್ಪರ್‌ಮಿಂಟು ಹಾಕಿಕೊಂಡು ನಿಂತಿದ್ದ. "ಛೆ ಛೆ, ಅದರ ವಾಸ್ನೆ ಬಂದ್ರೇ ನಂಗೆ ತಲೆ ಸುತ್ತುತ್ತೆ ಕಣಮ್ಮ" ಎಂದ. ಉಳಿದವರೂ ಹೆಚ್ಚು ಕಟ್ಟುವ ಭಯಕ್ಕೆ ಇಲ್ಲ ಇಲ್ಲ ಎಂದರು. ಕೊನೆಗೆ ತಮ್ಮನ ಸರದಿ. ಯಜಮಾನರು ಅವನ ಹೆಗಲಿಗೆ ಹೆಗಲು ತಾಗುವಷ್ಟು ಹತ್ತಿರ ನಿಂತಿದ್ದರು. ಇಲ್ಲವೆಂದರೆ ನಾಳೆಯಿಂದ ಹಿತ್ತಲ ಬಾಗಿಲು ಮುಚ್ಚಿತೆಂದು ಅವನಿಗೆ ಅನ್ನಿಸಿತು. ಅಂಚು ಉಜ್ಜುವವನಷ್ಟು ಧೂಳು ತಿನ್ನುವವನು ಶೆಡ್ಡಿನಲ್ಲಿ ಬೇರೆ ಯಾರೂ ಇಲ್ಲ.

"ಸೇದ್ತೀನಿ" ಎಂದ.

"ದಿನಕ್ಕೆ ಎಷ್ಟು?"

"ನಾಲ್ಕೈದು ಸಲ. ಕೆಲಸ ಜಾಸ್ತಿ ಇದ್ರೆ ಇನ್ನೂ ಜಾಸ್ತಿ."

ಅವಳು ಬರೆದುಕೊಂಡಳು. ನನ್ನನ್ನು ಕೇಳಲೇ ಇಲ್ಲ. ಹೆಂಗಸರ ಉತ್ತರ ಅವಳಿಗೆ ಮೊದಲೇ ಗೊತ್ತಿತ್ತೇನೋ.

ಮನೆಗೆ ಬರುವ ದಾರಿಯುದ್ದಕ್ಕೂ ಅವನನ್ನು ಬೈದೆ. "ನಿಜವಾಗಿ ಸೇದೋನು ಸಾಚಾ ಆದ, ಸೇದದೆ ಇರೋನು ಹೆಚ್ಚು ಕಟ್ತಾನೆ! ನಿನ್ನ ತಲೇಲಿ ಇರೋದೂ ಕಲ್ಲೇ ಏನೋ?"

"ಹೋಗ್ಲಿ ಬಿಡಕ್ಕ. ಆ ಹಿತ್ತಲಿಗೆ ಬಾಡಿಗೆ ಅಂದ್ಕೋ."

ಆ ವರ್ಷ ಕಳೆಯುವುದರೊಳಗೆ ತಮ್ಮನಿಗೆ ಮೆಟ್ಟಿಲು ಹತ್ತುವುದು ಕಷ್ಟವಾಯಿತು. ಆಮೇಲೆ ಚಪ್ಪಲಿ ಹಾಕಿಕೊಳ್ಳಲು ಬಗ್ಗುವುದೂ ಕಷ್ಟವಾಯಿತು. ಆಸ್ಪತ್ರೆಗೆ ಸೇರಿಸಿದೆವು. ಡಾಕ್ಟರು ಎದೆಯ ಚಿತ್ರ ತೆಗೆಸಿ, ಶ್ವಾಸಕೋಶ ಗಟ್ಟಿಯಾಗಿಬಿಟ್ಟಿದೆ, ಹೋದದ್ದು ಬರುವುದಿಲ್ಲ, ಉಳಿದದ್ದನ್ನು ಕಾಪಾಡಬೇಕು, ಗಾಳಿಯ ಯಂತ್ರ ಇಲ್ಲದೆ ಆಗುವುದಿಲ್ಲ ಎಂದರು. ಆ ಯಂತ್ರಕ್ಕೆ ದಿನಕ್ಕೆ ಎಷ್ಟಾಗುತ್ತದೆ ಎಂದು ತಮ್ಮನ ಹೆಂಡತಿ ಕೇಳಿದಳು.

ನಾನು ನೇರ ವಿಮೆ ಕಚೇರಿಗೆ ನುಗ್ಗಿದೆ. ಅದೇ ಹುಡುಗಿ ಕೂತಿದ್ದಳು. ಮೇಜು ಗುದ್ದಿ ಹೇಳಿದೆ: "ನನ್ನ ತಮ್ಮ ಹುಟ್ಟಿದ ಮೇಲೆ ಒಂದು ಬೀಡಿ ಮುಟ್ಟಿಲ್ಲ. ನೀನು ಬರ್ಕೊಂಡಿದ್ದನ್ನ ಹೊಡೆದುಹಾಕು. ಅವನು ಹೆಚ್ಚು ಕಟ್ಟಿದ್ದನ್ನ ವಾಪಸ್ ಕೊಡು."

ಶೆಡ್ಡಿನಲ್ಲಿ ಸೇದುವುದು ಎಂದರೆ ಏನೆಂದು ಬಿಡಿಸಿ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಕುರ್ಚಿ ಹತ್ತಿರ ಎಳೆದುಕೊಂಡು ದನಿ ತಗ್ಗಿಸಿದಳು.

"ಅಮ್ಮಾ, ತಿದ್ದಬಹುದು. ಆದ್ರೆ ತಿದ್ದಿದ ತಕ್ಷಣ, ಹಾಗಾದ್ರೆ ಈ ಕಾಯಿಲೆ ಎಲ್ಲಿಂದ ಬಂತು ಅಂತ ಮೇಲಿನೋರು ಕೇಳ್ತಾರೆ. ಕೆಲಸದಿಂದ ಬಂದ ಕಾಯಿಲೆ ನಮ್ಮ ವಿಮೆಗೆ ಸೇರಲ್ಲ. ಅದಕ್ಕೆ ನಿಮ್ಮ ಯಜಮಾನರೇ ಕೊಡಬೇಕು. ಅವರು ಕೊಡ್ತಾರಾ?"

ಗುದ್ದಿದ ಕೈಯನ್ನು ಮೇಜಿನಿಂದ ತೆಗೆದೆ.

"ಸೇದ್ತಾರೆ ಅಂತಿದ್ರೆ ಆಸ್ಪತ್ರೆ ಖರ್ಚು ನಡೆಯುತ್ತೆ. ಯೋಚನೆ ಮಾಡಿ" ಎಂದಳು. ಅವಳು ಕೆಟ್ಟವಳಲ್ಲ. ಕಣ್ಣು ಒದ್ದೆಯಾಗಿತ್ತು.

ಆಸ್ಪತ್ರೆಗೆ ಬಂದು ತಮ್ಮನಿಗೆ ಹೇಳಿದೆ. "ಸೇದ್ತೀನಿ ಅಂತಲೇ ಇರ್ಲಿ ಕಣೋ. ಜೀವ ಮುಖ್ಯ." ಅವನ ಹೆಂಡತಿಯೂ "ನಿಮ್ಮಕ್ಕ ಹೇಳೋದು ಸರಿ ಕಣ್ರೀ" ಎಂದಳು. ಅವನು ಮುಖವನ್ನು ಕಿಟಕಿಯ ಕಡೆ ತಿರುಗಿಸಿದ.

ಮಾರನೆಯ ದಿನ ಯಜಮಾನರು ಹಣ್ಣಿನ ಚೀಲ ಹಿಡಿದು ಬಂದರು. ಮಂಚದ ಪಕ್ಕ ಕೂತು, ಅಕ್ಕಪಕ್ಕದ ರೋಗಿಗಳಿಗೂ ಕೇಳುವ ಹಾಗೆ ಹೇಳಿದರು: "ಎಷ್ಟು ಸಲ ಹೇಳಿದ್ದೆ, ಸೇದೋದು ಬಿಡಪ್ಪಾ ಅಂತ. ಕೇಳಿದ್ಯಾ?"

ನಾನು ಎದ್ದೆ. ಹಣ್ಣಿನ ಚೀಲ ಅವರ ಮುಖಕ್ಕೆ ಎಸೆಯುತ್ತಿದ್ದೆನೇನೋ. ತಮ್ಮ ನನ್ನ ಕೈ ಹಿಡಿದ. ಮೂಗಿನ ಮೇಲಿನ ಮುಚ್ಚಳ ಸರಿಸಿ, ಒಂದೊಂದೇ ಮಾತು ಹೆಕ್ಕಿ ಹೇಳಿದ.

"ನಾನು ಸೇದಿದ್ದು ನಿಮ್ಮ ಕಲ್ಲನ್ನ, ಯಜಮಾನ್ರೇ."

ಅವರು ಹೋದ ಮೇಲೆ ನನ್ನ ಕಡೆ ತಿರುಗಿದ. "ನನ್ನ ಮಿಶಿನ್ ಈಗ ಯಾರ ಕೈಲಿದೆ?"

"ಹೊಗೆಬಂಡಿ ಅಳಿಯನ ಕೈಲಿ."

"ಅವನು ಸೇದ್ತಾನಾ?"

"ಇಲ್ಲ."

"ನೀರು ಬಿಟ್ಟಿದ್ದಾರಾ?"

"ಇಲ್ಲ ಕಣೋ."

"ನಾನು ಸೇದಿ ಕೆಟ್ಟೆ ಅಂದ್ರೆ, ಅವನೂ ಸೇದಿ ಕೆಟ್ಟ ಅಂತಾರೆ. ಆ ಹುಡುಗೀನ ಕರೆಸಕ್ಕ."

"ಸಾಯ್ತೀಯ ಕಣೋ, ಮೂಢ!" ಎಂದು ಕಿರುಚಿದೆ. ನರ್ಸು ಓಡಿ ಬಂದಳು.

"ಡಾಕ್ಟ್ರು ಹೇಳಿದ್ದು ನಂಗೂ ಕೇಳಿಸಿದೆ. ನನ್ನ ಎದೆ ಕೆಟ್ಟಿದೆ, ಕಿವಿ ಕೆಟ್ಟಿಲ್ಲ" ಎಂದ.

ಹುಡುಗಿ ಬಂದಳು. ಮತ್ತೊಮ್ಮೆ ಯೋಚಿಸಿ ಎಂದು ಬೇಡಿಕೊಂಡಳು. ಅವನು ಸೇದುವುದಿಲ್ಲ ಎಂದು ಬರೆಸಿದ. ಆ ವಾರವೇ ವಿಮೆಯವರು ಕೈ ಎತ್ತಿದರು, ಆಸ್ಪತ್ರೆಯವರು ಮನೆಗೆ ಕಳಿಸಿದರು. ನಾನು ಕಾರ್ಮಿಕ ಅಧಿಕಾರಿಗೆ ದೂರು ಕೊಟ್ಟೆ. ಯಜಮಾನರು, ಅವನು ಸೇದುತ್ತಿದ್ದ, ತಾನೇ ಬಾಯಿಬಿಟ್ಟು ಒಪ್ಪಿಕೊಂಡಿದ್ದಾನೆ, ಶೆಡ್ಡಿನವರೆಲ್ಲ ಸಾಕ್ಷಿ ಎಂದು ಉತ್ತರ ಕೊಟ್ಟರು. ಶೆಡ್ಡಿನವರು ನನ್ನನ್ನು ಕಂಡರೆ ದಾರಿ ಬದಲಿಸತೊಡಗಿದರು. ಬಯ್ಯಲಾರೆ. ಎಲ್ಲರಿಗೂ ಹೊಟ್ಟೆಯಿದೆ.

ವಿಚಾರಣೆಗೆ ಎರಡು ದಿನ ಮೊದಲು ಹೊಗೆಬಂಡಿ ಮನೆಗೆ ಬಂದ. ಒಳಗೆ ತಮ್ಮ ದಿಂಬುಗಳಿಗೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದ. ಮಲಗಿದರೆ ಅವನಿಗೆ ಉಸಿರು ಸಿಗುವುದಿಲ್ಲ. ಬಾಡಿಗೆಗೆ ತಂದ ಯಂತ್ರ ಗುಂಯ್ಗುಡುತ್ತಿತ್ತು. ಹೊಗೆಬಂಡಿ ಬಾಗಿಲಲ್ಲೇ ನಿಂತು ಅವನನ್ನು ನೋಡಿದ. ಆಮೇಲೆ ಹೊಸ್ತಿಲ ಹೊರಗೆ ಕೂತುಕೊಂಡ.

"ಅಳಿಯ ನಿನ್ನೆಯಿಂದ ಕೆಮ್ತಿದಾನೆ" ಎಂದ.

ನಾನು ಒಂದು ಲೋಟ ನೀರು ತಂದು ಅವನ ಮುಂದಿಟ್ಟೆ.

"ಆ ಶೆಡ್ಡಲ್ಲಿ ಸೇದೋನು ನಾನೊಬ್ಬನೇ ಅಂತ ಹೇಳ್ತೀನಿ. ಉಳಿದೋರು ಯಾಕೆ ಹೊರಗೆ ಬರ್ತಿದ್ರು ಅಂತಲೂ ಹೇಳ್ತೀನಿ."

"ಕೆಲಸ ಹೋಗುತ್ತೆ. ವಿಮೆಗೆ ಸುಳ್ಳು ಹೇಳಿದ್ದೂ ಹೊರಗೆ ಬೀಳುತ್ತೆ. ಹೆಚ್ಚು ಕಟ್ಟು ಅಂತಾರೆ."

"ಕಟ್ತೀನಿ. ಸೇದೋನು ನಾನು ತಾನೇ?"

ಒಳಗಿನಿಂದ ತಮ್ಮ ಕೆಮ್ಮಿದ. ಬೆನ್ನು ನೀವಲು ನಾನು ಎದ್ದು ಹೋದೆ.